ನಳ ಬರುವ ಜಾವ

ಯಾಕೆ ವಾಪಸ್ ಬಂದಿ ಎಂದು ಕೇಳಿದವರಿಗೆಲ್ಲ
ಬೇರೆ ಬೇರೆ ಉತ್ತರ ಕೊಟ್ಟೆ.
ಔಷಧಿ ಅಂಗಡಿಯವನಿಗೆ: ನನ್ನ ಪೆನ್ಷನ್ನಿಗೆ ಹೊಂದುವ ಬಾಡಿಗೆ ಇಲ್ಲಷ್ಟೇ.
ಆಟೋದವನಿಗೆ: ಮೀರಜಿನ ಮಳೆ ಮೊಣಕಾಲಿಗೆ ಆಗಿಬರಲಿಲ್ಲ.
ಸಭಾಪಾಲಕರಿಗೆ: ಅಪ್ಪನ ಗೋರಿಗೆ ಸುಣ್ಣ ಬಳಿಯುವವರಿಲ್ಲ.
ಮೂರೂ ನಿಜ.
ಮೂರೂ ಸೇರಿದರೂ ಉತ್ತರವಲ್ಲ.

ರಾಯಚೂರಿಗೇನು, ಅದು ಕೇಳಲೇ ಇಲ್ಲ.
ಮಾರ್ಚಿಯ ಹನ್ನೊಂದು ಗಂಟೆಗೇ
ಕೋಟೆಯ ಕಲ್ಲು ಕಾಯಿಸಿ
ನೆತ್ತಿಯ ಮೇಲೆ ಕೈಯಿಟ್ಟಿತು, ಹಳೆಯ ಮೇಷ್ಟ್ರ ಹಾಗೆ.
ತೀನ್ ಕಂದೀಲಿನ ಹತ್ತಿರ ಮಂಡಾಳ ಒಗ್ಗರಣೆ ಕಟ್ಟುವ ಹುಡುಗ
ಮಿರ್ಚಿ ಎಷ್ಟೆಂದು ಹಿಂದಿಯಲ್ಲಿ ಕೇಳಿದ.
ಎರಡು ಎಂದೆ, ನಮ್ಮ ಓಣಿಯ ಕನ್ನಡದಲ್ಲಿ.
ಮೂರು ಹಾಕಿದ.

ಆಸ್ಪತ್ರೆಯಲ್ಲಿ ಇಪ್ಪತ್ತೊಂಬತ್ತು ವರ್ಷ,
ಅದರಲ್ಲಿ ಅರ್ಧ ರಾತ್ರಿಪಾಳಿ.
ದೇವರನ್ನು ನಾನು ಬಿಡಲಿಲ್ಲ, ಜಗಳವೂ ಆಡಲಿಲ್ಲ.
ಬಸ್ಸಿನ ಸೀಟಿನಡಿ ಉಳಿದ ಬುತ್ತಿ ಡಬ್ಬಿಯ ಹಾಗೆ
ಎಲ್ಲಿ ಮರೆತೆನೋ,
ಇಳಿದು ಬಹಳ ದೂರ ನಡೆದ ಮೇಲೆ ಗೊತ್ತಾಯಿತು.
ಹಿಂದಿರುಗಿ ಓಡಲಿಲ್ಲ. ಹಸಿವೂ ಇರಲಿಲ್ಲ.

ಶನಿವಾರ ಗೋರಿಗೆ ಸುಣ್ಣ ಬಳಿದೆ.
ಅಭ್ಯಾಸವಿಲ್ಲದ ಕೈ; ಅಪ್ಪನ ಹೆಸರೂ ಬೆಳ್ಳಗಾಯಿತು.
ಉಗುರಿನಿಂದ ಕೆರೆದು ಕೆರೆದು
'ಸಮು' ವರೆಗೆ ತಂದು ಬಿಟ್ಟೆ.

ಭಾನುವಾರ, ಉದ್ದ ಬೆಂಚುಗಳ ಜಾಗದಲ್ಲಿ
ನೀಲಿ ಪ್ಲಾಸ್ಟಿಕ್ ಕುರ್ಚಿ.
"ಹಾರ್ಮೋನಿಯಂ ಸಮುವೇಲಪ್ಪನ ಮಗಳಲ್ಲೇನು?
ಎಷ್ಟು ಸೊರಗೀಯಬೇ" ಎಂದಳು ಎಸ್ತೇರಮ್ಮ,
ತಾನೇ ಮೂರು ಹಲ್ಲಿನವಳು.
ಹಾಡು ಶುರುವಾಯಿತು.
ಪುಸ್ತಕ ತೆರೆಯುವ ಮೊದಲೇ ಬಾಯಿ ತಾನಾಗಿ ಹೊರಟಿತು.
ಆದರೆ ಇವರು ಈಗ ನಿಧಾನ ಹಾಡುತ್ತಾರೆ;
ಒಬ್ಬಳೇ ಒಂದು ಸಾಲು ಮುಂದೆ ಹೋಗಿ
ನಿಂತೆ, ರೈಲ್ವೆ ಗೇಟು ಬಿದ್ದವರ ಹಾಗೆ.

ನಳ ಬರುವುದು ನಾಲ್ಕು ದಿನಕ್ಕೊಮ್ಮೆ.
ಯಾವ ಹೊತ್ತಿಗೆ ಎಂಬುದು
ನೀರು ಬಿಡುವ ತಿಮ್ಮಯ್ಯನಿಗೂ ತಿಳಿಯದಂತೆ.
ಒಡೆಯ ಯಾವ ಜಾವಕ್ಕೆ ಬರ್ತಾನೋ, ಎಚ್ಚರ ಇರ್ರಿ ಎಂದು
ಅಪ್ಪ ಚಿಮಣಿಯ ಬೆಳಕಿನಲ್ಲಿ ಹೇಳುತ್ತಿದ್ದದ್ದು
ನನಗೆ ಅರ್ಥವಾದದ್ದು ಇಲ್ಲಿ,
ರಾತ್ರಿ ಎರಡೂವರೆಗೆ,
ಬೋರಲು ಹಾಕಿದ ಬಕೆಟ್ಟಿನ ಮೇಲೆ ಕುಳಿತು.

ಎಡಕ್ಕೆ ಹುಸೇನಬಿ, ಬಲಕ್ಕೆ ನಿಂಗಮ್ಮ,
ನಡುವೆ ಹದಿನಾಲ್ಕು ಕೊಡ, ಒಂದು ಪೇಂಟಿನ ಡಬ್ಬಿ.
ಹುಸೇನಬಿಯ ಮಗನಿಗೆ ಜ್ವರ; ಮಣಿಕಟ್ಟು ಹಿಡಿದು ಎಣಿಸಿ ಬಂದಿದ್ದೆ.
ನಿಂಗಮ್ಮ ಸೊಸೆಯ ಮೇಲಿನ ಸಿಟ್ಟನ್ನು
ಇಡೀ ಓಣಿಗೆ ಕೇಳುವ ಪಿಸುಮಾತಿನಲ್ಲಿ ಹೇಳುತ್ತಿದ್ದಳು.

ನಾಲ್ಕಾಯಿತು. ಕೊಳವೆ ಬರೀ ಗಾಳಿ ಉಗುಳಿತು.
ಸುಸ್ಸೆಂದು, ಥೇಟ್ ಆಕ್ಸಿಜನ್ನಿನ ಸದ್ದು.
ಆ ಸದ್ದಿನ ಪಕ್ಕ ಎಷ್ಟು ಜನರ ಕೈ ಹಿಡಿದು ಕುಳಿತಿದ್ದೆ,
ಬೆಳಗಾಗುವುದರೊಳಗೆ ತಣ್ಣಗಾದ ಕೈ.
ಅವರ ಹೆಸರು ಬಂದವು, ಕರೆಯದೆ.
ಮರಾಠಿ ಹೆಸರು, ಕನ್ನಡದ ಹೆಸರು,
ಹೆಸರಿಡುವ ಮೊದಲೇ ಹೋದ ಒಂದು ಕೂಸು.
ಒಂದೊಂದನ್ನೇ ಮೆಲ್ಲಗೆ ಹೇಳಿಕೊಂಡೆ.
"ಏನು ಗುಣುಗುಣು ಅಂತೀಯಬೇ, ಜೋರಾಗಿ ಅನ್ನು"
ಎಂದಳು ನಿಂಗಮ್ಮ.
ಪ್ರಾರ್ಥನೆ ಎನ್ನಲು ನಾಚಿಕೆಯಾಗಿ
"ಲೆಕ್ಕ" ಎಂದೆ.

ಮಸೀದಿಯ ಮೈಕು ಕೆಮ್ಮಿತು.
ಹುಸೇನಬಿ ಸೆರಗು ತಲೆಗೆಳೆದು ಒಳಗೆ ನಡೆದಳು,
ನನ್ನ ಪಾಳಿ ಹಿಡಿದಿರು ಅಂತ.
ಹಿಡಿದೆ.

ಆಗ ಬಂತು.
ಮೊದಲ ಕೊಡ ಯಾವಾಗಲೂ ತುಕ್ಕಿನ ನೀರು,
ಬೇವಿನ ಬುಡಕ್ಕೆ.
ಎರಡನೆಯದು ಹುಸೇನಬಿಯ ಹೊಸ್ತಿಲಿಗೆ,
ಜ್ವರದ ಹಣೆಗೆ ಪಟ್ಟಿ ಬೇಕು.
ಮೂರನೆಯದು ಇನ್ನೂ ತುಂಬುತ್ತಿದೆ.
ಕಂಠದ ಹತ್ತಿರ ಬಂದಂತೆ
ಸದ್ದು ಸಣ್ಣದಾಗುತ್ತ ಏರುತ್ತದಲ್ಲ,
ಅದನ್ನು ಕೇಳುತ್ತ ನಿಂತಿದ್ದೇನೆ.